ಮುಟ್ಟಿದ ಕಾಯಿ ನಡಸಪಾ!

ಕಟ್ಟೆ ಮೇಲಿನ ಚದುರಂಗದಾಗ "ತಡಿಯೋ, ಕಾಯಿ ಹೊಳ್ಳಿ ಇಡ್ತೀನಿ" ಅಂದರ ನಡೀತದ. ಸ್ಪರ್ಧೆಯಲ್ಲಿ ನಡೆಯದು. ಅಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಪ್ರತಿ ನಡೆಯನ್ನೂ ಬರೆದುಕೊಳ್ಳಬೇಕು, ಗಡಿಯಾರವನ್ನೂ ನೋಡಬೇಕು. ಬುದ್ಧಿ ಎಷ್ಟಿದ್ದರೂ ಈ ರೂಢಿ ಇಲ್ಲದ ಹುಡುಗ ಮೊದಲ ಸುತ್ತಿಗೇ ಎಡವುತ್ತಾನೆ.

ಮೈಸೂರಿನ ಬಾಲಕ ಗಿರೀಶ್ ಕೌಶಿಕ್ ಈ ಶಿಸ್ತಿನಲ್ಲಿ ಆಡಿಯೇ 2007ರಲ್ಲಿ ತುರ್ಕಿಯಲ್ಲಿ 10 ವರ್ಷದೊಳಗಿನವರ ವಿಶ್ವ ಪ್ರಶಸ್ತಿ ಗೆದ್ದ. ಮುಂದೆ ಗ್ರ್ಯಾಂಡ್‌ಮಾಸ್ಟರ್ ಆದರು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯವರಿಗೆ ಮೈಸೂರು ದೂರ. ಸಾಂಗ್ಲಿ ದೂರವೇನಲ್ಲ, ಕಾಗವಾಡ ಬಿಟ್ಟು ಮಿರಜ ದಾಟಿದರೆ ಬಂತು. ಭಾವುಸಾಹೇಬ ಪಡಸಲಗೀಕರರು 1941ರಲ್ಲಿ ಕಟ್ಟಿದ ನೂತನ ಬುದ್ಧಿಬಳ ಮಂಡಳ ಅಲ್ಲಿನದೇ. ಐದು ಸಲ ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದ ಭಾಗ್ಯಶ್ರೀ ಸಾಠೆಯವರೂ ಆ ಊರವರೇ.

ಗಡಿ ಜಗಳ ದೊಡ್ಡವರದು. ಆನೆ, ಕುದುರೆಗೆ ಭಾಷೆಯ ಹಂಗಿಲ್ಲ.

ಅಂಗಡಿಕಾರರೇ, ಸಂಜೆ ನಿಮ್ಮ ಕಟ್ಟೆ ಮೇಲೆ ಮಣೆ ಹಾಸಿದ ಹುಡುಗರನ್ನು ಎಬ್ಬಿಸಬೇಡಿ. "ಮುಟ್ಟಿದ ಕಾಯಿ ನಡಸಪಾ" ಅನ್ನಿರಿ. ಅಷ್ಟು ಸಾಕು.