ಮರದ ತಲೆ ಬೋಳಿಸಿದರೆ ಹೂವು ಹೆಚ್ಚುತ್ತದೆಯೇ? ಅಂಗಳದ ಗುಲ್‌ಮೊಹರ್‌ಗೆ ಗರಗಸ ಹಾಕುವ ಮುನ್ನ

ಏಪ್ರಿಲ್ ಬಂತೆಂದರೆ ಮಂಡ್ಯ ಸೀಮೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮರದ ಮಾತು ಶುರುವಾಗುತ್ತದೆ. ಸಂಜೆ ಬಿರುಗಾಳಿ ಬೀಸಿ ಎಲ್ಲೋ ಒಂದು ಮರ ಮನೆಯ ಮೇಲೆ ಬಿದ್ದ ಫೋಟೊ ಬರುತ್ತದೆ, ಅದರ ಹಿಂದೆಯೇ ಸಲಹೆಗಳೂ ಬರುತ್ತವೆ. ಸಾರಾಂಶ ಸಾಮಾನ್ಯವಾಗಿ ಹೀಗಿರುತ್ತದೆ: ಮರದ ತಲೆ ಪೂರ್ತಿ ಕಡಿದುಬಿಡಿ, ಗಾಳಿಗೆ ಬೀಳುವುದಿಲ್ಲ, ಕಡಿದ ಜಾಗಕ್ಕೆ ಸಗಣಿ ಮೆತ್ತಿ, ಗಾಯ ಮಾಯುತ್ತದೆ, ಮುಂದಿನ ವರ್ಷ ಎರಡರಷ್ಟು ಹೂ ಬಿಡುತ್ತದೆ.

ಮೂರೂ ಮಾತು ಸರಿಯಲ್ಲ. ಮೊದಲನೆಯದನ್ನು ನಂಬಿದರಂತೂ ಮನೆಯ ಮೇಲಿನ ಅಪಾಯ ಇಳಿಯುವ ಬದಲು ಕೆಲವೇ ವರ್ಷಗಳಲ್ಲಿ ಹೆಚ್ಚುತ್ತದೆ.

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಂಥ ಊರಿನಲ್ಲಿ ಈ ಸಲಹೆಯನ್ನು ಜನ ಸುಲಭವಾಗಿ ಒಪ್ಪುವುದಕ್ಕೆ ಕಾರಣವಿದೆ. ಕಡಿದರೆ ಗಿಡ ಸೊಂಪಾಗಿ ಚಿಗುರುವುದನ್ನು ಇಲ್ಲಿಯ ರೈತರು ದಿನಾ ನೋಡುತ್ತಾರೆ. ಮದ್ದೂರು, ಮಳವಳ್ಳಿ ಕಡೆಯ ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯನ್ನು ವರ್ಷಕ್ಕೆ ನಾಲ್ಕೈದು ಸಲ ಕತ್ತರಿಸುತ್ತಾರೆ, ಅದು ಮತ್ತೆ ಮತ್ತೆ ಚಿಗುರುತ್ತದೆ. ಗದ್ದೆಗೆ ತುಳಿಯಲು ಹೊಂಗೆ ಸೊಪ್ಪು ಕಡಿಯುವುದೂ ಹಳೆಯ ರೂಢಿ. ಹಾಗಿದ್ದರೆ ಅಂಗಳದ ಗುಲ್‌ಮೊಹರ್ ಮಾತ್ರ ಯಾಕೆ ಬೇರೆ?

ಹಿಪ್ಪುನೇರಳೆಯಿಂದ ನಮಗೆ ಬೇಕಾದ್ದು ಸೊಪ್ಪು, ಹೂವಲ್ಲ. ಅದನ್ನು ಮೊದಲ ವರ್ಷದಿಂದಲೇ ಮೋಟಾಗಿ ಬೆಳೆಸಿರುತ್ತಾರೆ. ಕತ್ತರಿಸುವ ಕಡ್ಡಿ ಬೆರಳು ಗಾತ್ರದ್ದು. ಚಿಗುರು ಮುರಿದರೂ ಬೀಳುವುದು ಹೊಲದ ಮಣ್ಣಿಗೆ. ಇಪ್ಪತ್ತು ವರ್ಷ ಯಾರೂ ಕೈಹಾಕದೆ ಬೆಳೆದ ಗುಲ್‌ಮೊಹರಿನ ಕೊಂಬೆ ತೊಡೆ ಗಾತ್ರ ಇರುತ್ತದೆ. ಅದರ ಕೆಳಗೆ ಸೂರಿದೆ, ನಿಲ್ಲಿಸಿದ ಬೈಕಿದೆ, ಆಡುವ ಮಕ್ಕಳಿದ್ದಾರೆ.

ಗುಲ್‌ಮೊಹರ್ ಮೂಲತಃ ಮಡಗಾಸ್ಕರ್ ದ್ವೀಪದ ಮರ. ಒಣಗಿದ ಉದ್ದನೆಯ ಕಾಯಿ ಹಿಡಿದು ಹುಡುಗರು ಕತ್ತಿವರಸೆ ಆಡುವುದರಿಂದ ನಮ್ಮಲ್ಲಿ ಅದಕ್ಕೆ ಕತ್ತಿಕಾಯಿ ಮರ ಎಂಬ ಹೆಸರೂ ಉಂಟು. ಬೇಗ ಬೆಳೆಯುತ್ತದೆ, ಕೊಡೆಯಂತೆ ಹರಡುತ್ತದೆ. ಆದರೆ ಅದರ ಮರ ಮೆದು, ಬೇರು ಆಳಕ್ಕಿಳಿಯುವುದಕ್ಕಿಂತ ಹೆಚ್ಚಾಗಿ ಅಗಲಕ್ಕೆ ಹೋಗುತ್ತದೆ. ಬೇಸಿಗೆ ಮಳೆಯ ಗಾಳಿಗೆ ಅದರ ಕೊಂಬೆ ಮುರಿಯುತ್ತದೆ ಎಂಬ ಭಯ ಸುಳ್ಳಲ್ಲ. ಕತ್ತರಿಸಬೇಕು ನಿಜ. ಎಲ್ಲಿ, ಎಷ್ಟು ಎಂಬುದೇ ಪ್ರಶ್ನೆ.

ಸಗಣಿ ಮೆತ್ತಿದರೆ ಗಾಯ ಮಾಯುತ್ತದೆಯೇ?

ನಮ್ಮ ಚರ್ಮ ಕೊಯ್ದರೆ ಅದೇ ಜಾಗದಲ್ಲಿ ಹೊಸ ಚರ್ಮ ಬರುತ್ತದೆ. ಮರದಲ್ಲಿ ಹಾಗಾಗುವುದಿಲ್ಲ. ಕಡಿದ ಮರದ ಭಾಗ ಮತ್ತೆ ಎಂದೂ ಸರಿಯಾಗುವುದಿಲ್ಲ. ಮರ ಮಾಡುವುದು ಎರಡು ಕೆಲಸ: ಗಾಯದ ಸುತ್ತ ಒಳಗೊಳಗೇ ರಾಸಾಯನಿಕ ಗೋಡೆ ಕಟ್ಟಿ ಕೊಳೆತ ಮುಂದೆ ಹರಡದಂತೆ ತಡೆಯುವುದು, ಹೊರಗಿನಿಂದ ಹೊಸ ತೊಗಟೆ ಬೆಳೆಸಿ ಗಾಯವನ್ನು ಮುಚ್ಚುವುದು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಇದನ್ನು ಕಂಡುಕೊಂಡರು. ಅವರು ಹೆರಾಲ್ಡ್ ಮಾರ್ಕ್ಸ್ ಜೊತೆ 1977ರಲ್ಲಿ ಪ್ರಕಟಿಸಿದ ವಿವರಣೆಯೇ ಇಂದಿಗೂ ಮರ ಕತ್ತರಿಸುವವರ ಪಾಠದ ತಳಹದಿ.

ಗಾಯಕ್ಕೆ ಬಳಿಯುವ ಟಾರು, ಬಣ್ಣ, ಲೇಪಗಳು ಕೊಳೆತವನ್ನು ತಡೆಯುವುದಿಲ್ಲ ಎಂಬುದೂ ಅವರ ಪ್ರಯೋಗಗಳಿಂದ ತಿಳಿಯಿತು. ಕೆಲವು ಲೇಪಗಳು ಒಳಗೆ ತೇವ ಹಿಡಿದಿಟ್ಟು ಶಿಲೀಂಧ್ರಕ್ಕೇ ಅನುಕೂಲ ಮಾಡಿಕೊಡುತ್ತವೆ. ಸಗಣಿ ಇದಕ್ಕೆ ಹೊರತು ಎಂದು ನಂಬಲು ಕಾರಣವಿಲ್ಲ. ತೋಟಗಾರಿಕೆಯವರು ಕೆಲವು ಬೆಳೆಗಳ ರೋಗಕ್ಕೆ ಬೋರ್ಡೋ ಮುಲಾಮು ಹೇಳುತ್ತಾರಲ್ಲ ಎಂದು ನೀವು ಕೇಳಬಹುದು. ಅದು ನಿರ್ದಿಷ್ಟ ರೋಗಕ್ಕೆ ಕೊಡುವ ಔಷಧಿ, ಪ್ರತಿ ಗಾಯಕ್ಕೂ ಹಚ್ಚುವ ಪಟ್ಟಿಯಲ್ಲ. ಸಗಣಿ ತಿಪ್ಪೆಗೆ ಹೋಗಲಿ, ಅಲ್ಲಿ ಅದಕ್ಕೆ ಬೆಲೆಯಿದೆ.

ಹಾಗಾಗಿ ಗಾಯ ಮುಚ್ಚುವುದು ಹಚ್ಚುವ ವಸ್ತುವಿನಿಂದಲ್ಲ, ಕತ್ತರಿಸಿದ ಜಾಗದಿಂದ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಗಮನವಿಟ್ಟು ನೋಡಿ, ಸ್ವಲ್ಪ ಉಬ್ಬಿದ ಕೊರಳಿನಂಥ ಭಾಗ ಕಾಣುತ್ತದೆ. ಗೋಡೆ ಕಟ್ಟುವ ಶಕ್ತಿ ಇರುವುದು ಅಲ್ಲಿ. ಆ ಉಬ್ಬನ್ನು ಉಳಿಸಿ, ಅದರ ಹೊರಗೆ ಒತ್ತಿಕೊಂಡಂತೆ ಕತ್ತರಿಸಬೇಕು. ಕಾಂಡಕ್ಕೆ ಸಮನಾಗಿ ಕೆತ್ತಿದರೆ ಉಬ್ಬು ಹೋಗುತ್ತದೆ, ಗಾಯ ದೊಡ್ಡದಾಗುತ್ತದೆ. ಗೇಣುದ್ದ ಮೋಟು ಬಿಟ್ಟರೆ ಅದು ಒಣಗಿ, ಕೊಳೆತು, ಕೊಳೆತವನ್ನು ಒಳಗೆ ಕರೆದೊಯ್ಯುತ್ತದೆ.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕತ್ತರಿಸಿದರೆ ಅರ್ಧಕ್ಕೆ ಬರುವಾಗ ಅದರ ಭಾರಕ್ಕೇ ಮುರಿದು ಕಾಂಡದ ತೊಗಟೆಯನ್ನು ಮಾರುದ್ದ ಸೀಳಿಕೊಂಡು ಬೀಳುತ್ತದೆ. ಅದಕ್ಕೇ ಮೂರು ಕಡಿತ. ಕಾಂಡದಿಂದ ಒಂದಡಿ ಆಚೆ, ಕೊಂಬೆಯ ಕೆಳಗಿನಿಂದ ಕಾಲು ಭಾಗದಷ್ಟು ಗರಗಸ ಆಡಿಸಿ. ಅದರಿಂದ ಎರಡು ಮೂರು ಬೆರಳು ಹೊರಗೆ, ಮೇಲಿನಿಂದ ಪೂರ್ತಿ ಕತ್ತರಿಸಿ ಕೊಂಬೆ ಕೆಡವಿ. ಉಳಿದ ಮೋಟನ್ನು ಕೈಯಲ್ಲಿ ಹಿಡಿದು ಉಬ್ಬಿನ ಹೊರಗೆ ನಯವಾಗಿ ತೆಗೆಯಿರಿ. ಮಚ್ಚು ಬೇಡ. ಮಚ್ಚಿನ ಏಟಿಗೆ ಮರ ಸೀಳುತ್ತದೆ, ಸೀಳಿದ ಗಾಯ ಮುಚ್ಚುವುದು ಕಷ್ಟ.

ತಲೆ ಕಡಿದ ಮರ ಗಟ್ಟಿಯೇ?

ಕಡಿದ ವರ್ಷ ಹೌದು ಅನಿಸುತ್ತದೆ, ಗಾಳಿಗೆ ಸಿಗಲು ಏನೂ ಉಳಿದಿರುವುದಿಲ್ಲವಲ್ಲ! ಎಲೆಯೇ ಮರದ ಅಡುಗೆಮನೆ. ಅದು ಒಮ್ಮೆಗೇ ಹೋದಾಗ ಮರ ಕೂಡಿಟ್ಟ ಪಿಷ್ಟವನ್ನು ಬಳಸಿ, ತೊಗಟೆಯಡಿ ಮಲಗಿದ್ದ ಮೊಗ್ಗುಗಳನ್ನು ಎಬ್ಬಿಸುತ್ತದೆ. ಮೋಟಿನ ಸುತ್ತ ಪೊರಕೆಯಂತೆ ನೆಟ್ಟಗೆ ಚಿಗುರೇಳುತ್ತದೆ. ನೋಡಿದವರು ಮರ ಚೆನ್ನಾಗಿದೆ ಎನ್ನುತ್ತಾರೆ. ಆದರೆ ಸಹಜವಾಗಿ ಬೆಳೆದ ಕೊಂಬೆ ಕಾಂಡದೊಳಗೆ ವರ್ಷವರ್ಷವೂ ಹೆಣೆದುಕೊಂಡು ಬಂದಿರುತ್ತದೆ. ಈ ಚಿಗುರು ಹೊರಪದರಕ್ಕೆ ಅಂಟಿಕೊಂಡಿರುತ್ತದೆ ಅಷ್ಟೆ. ಕೆಳಗೆ ಮೋಟು ಕೊಳೆಯುತ್ತಿರುತ್ತದೆ, ಮೇಲೆ ಚಿಗುರು ತೋಳು ಗಾತ್ರವಾಗುತ್ತದೆ. ಆಗ ಬರುವ ಗಾಳಿಗೆ ಬೀಳುವುದು ಅದೇ.

ಇದಕ್ಕೆ ಬದಲಾಗಿ, ಮೊದಲು ಒಣಗಿದ, ಮುರಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆಸಿ. ಸೂರಿನ ಮೇಲೆ ಚಾಚಿದ ಉದ್ದ ಕೊಂಬೆಯನ್ನು ನಡುವೆ ಎಲ್ಲೋ ಕಡಿಯದೆ, ಕಾಂಡದ ಕಡೆಗೆ ಹಿಂದೆ ಬಂದು ಸರಿಯಾದ ಕವಲಿನ ತನಕ ಕತ್ತರಿಸಿ. ಉಳಿಯುವ ಕವಲು ಕಡಿಯುವ ಕೊಂಬೆಯ ಮೂರನೇ ಒಂದು ಪಾಲು ದಪ್ಪವಾದರೂ ಇರಲಿ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಹಳೆಯ ಮರಕ್ಕೆ ಇನ್ನೂ ಕಡಿಮೆ.

ಹೂವಿನ ಮಾತು ಹುಟ್ಟಿದ್ದು ಬಹುಶಃ ದಾಸವಾಳ, ಗುಲಾಬಿ, ಮಲ್ಲಿಗೆಯಿಂದ. ಅವು ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ, ಸವರಿದರೆ ಹೂವು ಹೆಚ್ಚುವುದು ನಿಜ. ಹೊಳೆದಾಸವಾಳದ ಮರಕ್ಕೂ ಹಗುರಾಗಿ ಸವರುವುದು ಒಗ್ಗುತ್ತದೆ. ದೇವಕಣಗಿಲೆಯ ಹೂಗೊಂಚಲು ಕೊಂಬೆಯ ತುದಿಯಲ್ಲಿ ಬರುತ್ತದೆ. ತುದಿ ಕಡಿದರೆ ಆ ಸಲದ ಹೂವು ಹೋಯಿತು. ಗುಲ್‌ಮೊಹರ್ ಕೂಡ ಬಲಿತ ರೆಂಬೆಗಳ ತುದಿಯಲ್ಲೇ ಕೆಂಪಾಗುವ ಮರ. ತಲೆ ಬೋಳಿಸಿದರೆ ಅದು ಮೊದಲು ಕಳೆದುಕೊಂಡ ಸೊಪ್ಪನ್ನು ಬೆಳೆಸಿಕೊಳ್ಳುತ್ತದೆ, ಹೂವು ಆಮೇಲೆ.

ಕಾಲದ ವಿಷಯ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಮರಕ್ಕೆ ಲೆಕ್ಕವಿಲ್ಲ. ಒಣ ಕೊಂಬೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು. ಅಂದಕ್ಕಾಗಿ ಸವರುವುದಾದರೆ ಹೂವು ಮುಗಿದ ಮೇಲೆ. ಸೂರಿನ ಮೇಲೆ ತೂಗುವ ಕೊಂಬೆಗೆ ಮಾತ್ರ ಹೂವಿನವರೆಗೆ ಕಾಯಬೇಡಿ. ಜನವರಿ, ಫೆಬ್ರವರಿಯಲ್ಲೇ ತೆಗೆಸಿ, ನಾಲ್ಕು ಗೊಂಚಲು ಕಡಿಮೆಯಾದರೆ ಆಗಲಿ. ಹಕ್ಕಿಗೂಡಿದೆಯೇ ಎಂದು ಮೊದಲು ನೋಡಿ.

ಮರಕ್ಕಿಂತ ದೊಡ್ಡ ಅಪಾಯ ತಂತಿ. ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತದೆ, ಕಬ್ಬಿಣದ ದೋಟಿಯಲ್ಲಂತೂ ಹೇಳಲೇಬೇಕಿಲ್ಲ. ಕೊಂಬೆ ತಂತಿಯ ಹತ್ತಿರವಿದ್ದರೆ ನೀವೂ ಹತ್ತಬೇಡಿ, ಕೂಲಿಗೆ ಬಂದವರನ್ನೂ ಹತ್ತಿಸಬೇಡಿ. ಸೆಸ್ಕ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಮಾಡಿಸಿಯೇ ಕೆಲಸ ಮಾಡಿಸಿ. ಬುಡದಲ್ಲಿ ಅಣಬೆ ಎದ್ದಿದ್ದರೆ, ಬುಡದ ಮಣ್ಣು ಬಿರುಕು ಬಿಟ್ಟು ಮೇಲೆದ್ದಿದ್ದರೆ ಆ ಮರವನ್ನು ಹತ್ತುವುದೇ ಅಪಾಯ. ಬುಡಸಮೇತ ಕಡಿಯಬೇಕೆಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ. ಕೆಲವು ಜಾತಿಗಳಿಗೆ ವಿನಾಯಿತಿಯುಂಟು, ಉಳಿದವಕ್ಕೆ ಅನುಮತಿ ಬೇಕು. ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಈಗಾಗಲೇ ತಲೆ ಕಡಿಸಿದ್ದೀರಾ? ಮೊದಲ ವರ್ಷ ಚಿಗುರನ್ನು ಮುಟ್ಟಬೇಡಿ, ಮರಕ್ಕೆ ಆ ಸೊಪ್ಪು ಬೇಕು. ಎರಡನೇ ವರ್ಷದಿಂದ ಪ್ರತಿ ಮೋಟಿನಲ್ಲೂ ಗಟ್ಟಿಯಾಗಿ ಹೊರಮುಖವಾಗಿ ಬೆಳೆದ ಒಂದೆರಡನ್ನು ಉಳಿಸಿ, ಮಿಕ್ಕವನ್ನು ಎರಡು ಮೂರು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ತೆಗೆಯಿರಿ. ಅಲ್ಲಿಯವರೆಗೆ ಗಾಳಿ ಎದ್ದ ಸಂಜೆ ಅದರ ಕೆಳಗೆ ಗಾಡಿ ನಿಲ್ಲಿಸಬೇಡಿ.