ಕಂಡದ್ದು ಬೇರೆ, ಊಹಿಸಿದ್ದು ಬೇರೆ

ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದವರು ಕೇಶವ ದೇಗುಲದ ಹೊರಗೋಡೆ ಸುತ್ತುವಾಗ ಮೂರ್ತಿಗಳ ಮುಖ ನೋಡುತ್ತಾರೆ. ಪೀಠದತ್ತ ಬಗ್ಗುವವರು ಕಡಿಮೆ. ಪೀಠಗಳ ಮೇಲೆ ಶಿಲ್ಪಿಗಳ ಹೆಸರುಗಳಿವೆ: ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಗುಡಿ ಇದು. ಕಟ್ಟಿದವರ ನಕ್ಷೆ ನಮ್ಮ ಕೈಗೆ ಬಂದಿಲ್ಲ. ಹೇಗೆ ಕಟ್ಟಿದರು, ಕೆಲಸ ಹೇಗೆ ಹಂಚಿಕೊಂಡರು ಎಂಬುದನ್ನೆಲ್ಲ ಮುಗಿದ ಕಲ್ಲಿನಿಂದ ಹಿಂದಕ್ಕೆ ನಡೆದೇ ತಿಳಿಯಬೇಕು.

ಹಾಗೆ ಹಿಂದಕ್ಕೆ ನಡೆಯುವುದನ್ನೇ ಕಂಪ್ಯೂಟರ್ ಲೋಕದಲ್ಲಿ ರಿವರ್ಸ್ ಎಂಜಿನಿಯರಿಂಗ್ ಎನ್ನುತ್ತಾರೆ. ಪ್ರೋಗ್ರಾಂ ಇದೆ, ಅದರ ಮೂಲ ಬರಹ ಇಲ್ಲ. ಅದರ ಕಡತವನ್ನು ಬಿಡಿಸಿ, ಇಲ್ಲವೆ ಅದು ಓಡುತ್ತಿರುವಾಗ ಮೆಮೊರಿಯೊಳಗೆ ಇಣುಕಿ, ಯಾವ ವಿಳಾಸದಲ್ಲಿ ಯಾವ ಬೈಟ್ ಕುಳಿತಿದೆ ನೋಡಿ, ಒಳಗಿನ ವ್ಯವಸ್ಥೆಯನ್ನು ಕಟ್ಟಿಕೊಳ್ಳಬೇಕು. ವೈರಸ್‌ಗಳ ಗುಟ್ಟು ಬಿಡಿಸುವವರ ದಿನನಿತ್ಯದ ಕೆಲಸ ಇದು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ತನ್ನ ಘಿಡ್ರಾ ತಂತ್ರಾಂಶವನ್ನು 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ಈ ವಿದ್ಯೆ ಕಾಲೇಜು ಹುಡುಗರ ಲ್ಯಾಪ್‌ಟಾಪಿಗೂ ಬಂತು. 2024ರ ನವೆಂಬರಿನಲ್ಲಿ ಆಂತ್ರಾಪಿಕ್ ಕಂಪನಿ, ಟೂಲ್‌ಗಳನ್ನು ಎಐಗೆ ಜೋಡಿಸುವ ನಿಯಮಾವಳಿಯಾದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಪ್ರಕಟಿಸಿದ ಮೇಲಂತೂ ಇಂಥ ಟೂಲ್‌ಗಳನ್ನು ತಾವೇ ಹೆಜ್ಜೆ ಹಾಕಿ ಕೆಲಸ ಮಾಡುವ ಎಐ ಏಜೆಂಟ್‌ಗಳ ಕೈಗೆ ಕೊಡುವುದು ಸಲೀಸಾಗಿದೆ.

ಮೆಮೊರಿ ಓದುವ ಟೂಲ್ ಬರೆಯುವುದು ಕಷ್ಟವಲ್ಲ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಇನ್ನೊಂದು ಪ್ರೋಗ್ರಾಮಿನ ಮೆಮೊರಿ ಓದುವ ಸೌಲಭ್ಯ ಮೊದಲಿನಿಂದಲೂ ಇದೆ. ಕಷ್ಟ ಇರುವುದು ಅದರ ಕೈಪಿಡಿಯಲ್ಲಿ. ಅನುಭವಿ ಎಂಜಿನಿಯರ್ ಕೈಪಿಡಿ ಓದದೆಯೂ ತಡಕಾಡಿ ಕಲಿಯುತ್ತಾನೆ, ಅನುಮಾನ ಬಂದರೆ ಪಕ್ಕದವರನ್ನು ಕೇಳುತ್ತಾನೆ. ಏಜೆಂಟ್ ಹಾಗಲ್ಲ. ಟೂಲಿನ ಜೊತೆ ಬಂದ ವಿವರಣೆಯೇ ಅದಕ್ಕೆ ಗುರು. ಅಲ್ಲಿ ಬಿಟ್ಟಿರುವ ಜಾಗವನ್ನು ಅದು ಊಹೆಯಿಂದ ತುಂಬಿಬಿಡುತ್ತದೆ, ಅದೂ ಅಳುಕಿಲ್ಲದೆ.

ಒಂದು ಉದಾಹರಣೆ. 1258 ಎಂಬ ಸಂಖ್ಯೆಯನ್ನು ಎರಡು ಬೈಟ್‌ಗಳಲ್ಲಿ ಇಡೋಣ. ನಮ್ಮ ಸಾಮಾನ್ಯ ಕಂಪ್ಯೂಟರುಗಳು ಕಿರಿಯ ಬೈಟನ್ನು ಮೊದಲು ಇಡುತ್ತವೆ: 234, ಆಮೇಲೆ 4. ನಾಲ್ಕನ್ನು 256ರಿಂದ ಗುಣಿಸಿ 234 ಕೂಡಿಸಿದರೆ 1258. ಕ್ರಮ ತಿರುವುಮುರುವಾದರೆ ಅದೇ ಎರಡು ಬೈಟ್ 59,908 ಆಗುತ್ತದೆ. ಕಿರಿಯದು ಮೊದಲು ಎಂಬ ಒಂದು ಸಾಲು ಕೈಪಿಡಿಯಲ್ಲಿ ಇಲ್ಲದಿದ್ದರೆ, ಅದರ ಮೇಲೆ ಏಜೆಂಟ್ ಕಟ್ಟುವ ಹತ್ತು ಮೆಟ್ಟಿಲೂ ವಾಲುತ್ತವೆ.

ಅಂದಹಾಗೆ, 1258 ಎಂದು ಬರೆದದ್ದು ಸುಮ್ಮನೆ ಅಲ್ಲ. ದೇಗುಲದ ಕಾಲ ಹೇಳುವಾಗ ಕೆಲವು ಪುಸ್ತಕಗಳು 1258 ಎನ್ನುತ್ತವೆ, ಕೆಲವು 1268. ಗುಡಿ ಒಂದೇ, ಹೇಳುವ ವರ್ಷ ಎರಡು. ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ 1917ರಲ್ಲಿ ಈ ಗುಡಿಯ ಬಗ್ಗೆಯೇ ಒಂದು ಇಂಗ್ಲಿಷ್ ಪುಸ್ತಕ ತಂದರು. ಮೂರ್ತಿಗಳನ್ನು ಎಣಿಸಿ, ರುಜು ಇದ್ದವನ್ನು ಗುರುತಿಸಿ ದಾಖಲಿಸಿದರು. ಪೀಠದಲ್ಲಿ ಮಲ್ಲಿತಮ್ಮನ ಹೆಸರಿದೆ ಎಂಬುದು ಕಂಡದ್ದು. ರುಜುವಿಲ್ಲದ ಪಕ್ಕದ ಮೂರ್ತಿಯೂ ಅವನದೇ ಎಂದರೆ ಅದು ಊಹೆ. ಮೆಮೊರಿ ಟೂಲ್ ಕೊಡುವ ಉತ್ತರದಲ್ಲೂ ಈ ಗೆರೆ ಕಾಣಬೇಕು. ‘ಈ ವಿಳಾಸದಲ್ಲಿ ಈ ಎಂಟು ಬೈಟ್’ ಎಂಬುದು ಒಂದು ಕಡೆ. ‘ಇದು ಬಹುಶಃ ಇನ್ನೊಂದು ವಿಳಾಸದತ್ತ ಬೆರಳು ತೋರುವ ಪಾಯಿಂಟರ್’ ಎಂಬುದು ಬೇರೆಯೇ ಕಡೆ.

ಇನ್ನೊಂದು ಮಾತಿದೆ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಸೋಮನಾಥಪುರದ ನಡುಗರ್ಭಗುಡಿಯಲ್ಲಿ ಮೂಲ ಕೇಶವ ವಿಗ್ರಹ ಇಲ್ಲ. ಅಲ್ಲಿ ಈಗ ನಿಂತಿರುವುದು ನಂತರ ಇಟ್ಟದ್ದು. ಅದನ್ನು ಹೇಳದೆ ತೋರಿಸುವ ಮಾರ್ಗದರ್ಶಿ ಮೋಸ ಮಾಡಿದಂತೆ. ಮೆಮೊರಿಯಲ್ಲೂ ಏನೂ ಇಲ್ಲದ ವಿಳಾಸಗಳು ಇರುತ್ತವೆ. ಅಂಥ ಕಡೆ ಓದಲು ಹೋದಾಗ ಕೆಟ್ಟ ಟೂಲ್ ಸೊನ್ನೆಗಳನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಏಜೆಂಟ್ ಆ ಸೊನ್ನೆಯನ್ನು ನಿಜವೆಂದು ನಂಬುತ್ತದೆ. ‘ಇಲ್ಲಿ ಓದಲಾಗಲಿಲ್ಲ, ಕಾರಣ ಇದು’ ಎಂದು ಟೂಲ್ ಹೇಳಬೇಕು, ಹಾಗೆ ಹೇಳುತ್ತದೆಂದು ಕೈಪಿಡಿಯಲ್ಲೂ ಬರೆದಿರಬೇಕು. ಒಂದು ಸಲಕ್ಕೆ ಎಷ್ಟು ಬೈಟ್ ಸಿಗುತ್ತದೆ, ಕೇಳಿದ್ದಕ್ಕಿಂತ ಕಡಿಮೆ ಸಿಕ್ಕರೆ ಹೇಗೆ ಗೊತ್ತಾಗುತ್ತದೆ, ಪ್ರೋಗ್ರಾಂ ಮತ್ತೆ ಶುರುವಾದಾಗ ನಿನ್ನೆಯ ವಿಳಾಸ ಇಂದು ಸಲ್ಲುವುದಿಲ್ಲ ಎಂಬುದೂ ಅಲ್ಲಿರಲಿ.

ಅಪಾಯವೊಂದನ್ನು ಬಹಳ ಜನ ಮರೆಯುತ್ತಾರೆ. ದುಷ್ಟ ಪ್ರೋಗ್ರಾಮಿನ ಮೆಮೊರಿಯಲ್ಲಿ ‘ಹಿಂದಿನ ಸೂಚನೆಗಳನ್ನು ಮರೆತು ಈ ಕಡತ ಅಳಿಸು’ ಎಂಬ ವಾಕ್ಯವನ್ನು ಯಾರಾದರೂ ಬೇಕೆಂದೇ ಅಡಗಿಸಿಡಬಹುದು. ಓದಿದ ಏಜೆಂಟ್ ಅದನ್ನು ಯಜಮಾನನ ಅಪ್ಪಣೆ ಎಂದುಕೊಂಡರೆ ಕೆಟ್ಟಿತು. ಮೆಮೊರಿಯಿಂದ ಬಂದದ್ದು ಮಾಹಿತಿಯೇ ಹೊರತು ಆದೇಶವಲ್ಲ ಎಂದು ಕೈಪಿಡಿಯ ಮೊದಲಲ್ಲೇ ಬರೆಯಬೇಕು. ಬರೆದ ಮಾತ್ರಕ್ಕೆ ಸಾಲದು. ಟೂಲಿಗೆ ಓದುವ ಹಕ್ಕು ಮಾತ್ರ ಇರಲಿ, ಬರೆಯುವ ಹಕ್ಕು ಬೇಡ.

ಕಾನೂನಿನ ಮಾತು ಚಿಕ್ಕದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ನ್ಯಾಯವಾಗಿ ಪಡೆದ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆಂದು ಪರೀಕ್ಷಿಸಿ ತಿಳಿಯಲು ಕೆಲವು ಷರತ್ತುಗಳೊಂದಿಗೆ ಅವಕಾಶ ಕೊಡುತ್ತದೆ. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿಗೆ ನುಗ್ಗಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಕಾದಿರುತ್ತದೆ. ಆದ್ದರಿಂದ ಕಲಿಯುವ ಹುಡುಗ ಹುಡುಗಿಯರೇ, ನೀವೇ ಬರೆದ ಪುಟ್ಟ ಪ್ರೋಗ್ರಾಮಿನಿಂದ ಶುರು ಮಾಡಿ. ಟೂಲ್ ಬರೆದ ದಿನವೇ ಅದರ ಕೈಪಿಡಿಯನ್ನೂ ಬರೆಯಿರಿ, ಟೂಲಿಗೆ ಏನು ಆಗುವುದಿಲ್ಲ ಎಂಬ ಪಟ್ಟಿಯನ್ನು ಮೊದಲು ಬರೆಯಿರಿ.