ಹೆಣೆ, ನೇಯ್, ಹೊಸೆ, ಸಿಕ್ಕು: ಕೆಲವು ಮಾತುಗಳ ಅರ್ಥವಿವೇಚನೆ

ಒಂದನ್ನು ಇನ್ನೊಂದರೊಡನೆ ಕೂಡಿಸುವುದಕ್ಕೆ ಕನ್ನಡದಲ್ಲಿ ಹಲವು ಕ್ರಿಯಾಪದಗಳಿವೆ. ನೂಲು, ನುಲಿ, ಹೊಸೆ, ಹೆಣೆ, ನೇಯ್, ಕೋ, ಕಟ್ಟು, ಸುತ್ತು ಎಂಬಿವು ಮೇಲ್ನೋಟಕ್ಕೆ ಸಮಾನಾರ್ಥಕಗಳಂತೆ ತೋರಿದರೂ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಲಾರದು. ವಚನಾಭ್ಯಾಸಿಗಳಿಗೆ ಈ ವಿವೇಕವು ಅವಶ್ಯವಾದುದು. ಏಕೆಂದರೆ ಶರಣರಲ್ಲಿ ಅನೇಕರು ಈ ಮಾತುಗಳನ್ನು ನಿಘಂಟಿನಿಂದ ಕಲಿತವರಲ್ಲ, ಕಾಯಕದಿಂದ ಕಲಿತವರು. ‘ರಾಮನಾಥ’ನ ಅಂಕಿತದಲ್ಲಿ ನುಡಿದ ಜೇಡರ ದಾಸಿಮಯ್ಯನವರದು ನೇಯ್ಗೆಯ ಕಾಯಕ. ನುಲಿಯ ಚಂದಯ್ಯನವರದು ಹುಲ್ಲಿನಿಂದ ಹಗ್ಗ ಮಾಡಿ, ಮಾರಿ, ಜಂಗಮದಾಸೋಹ ನಡೆಸಿದ ಕಾಯಕ. ಒಬ್ಬರ ಹೆಸರಿನಲ್ಲಿ ಮಗ್ಗವಿದೆ, ಇನ್ನೊಬ್ಬರ ಹೆಸರಿನಲ್ಲಿ ಹಗ್ಗವಿದೆ.

ಮೊದಲು ತಿರುಚುವ ಕ್ರಿಯೆಗಳನ್ನು ನೋಡೋಣ. ಅರಳೆಯನ್ನು ಎಳೆದು ತಿರುಚಿ ಎಳೆ ತೆಗೆಯುವುದು ನೂಲುವುದು. ನಾರನ್ನೋ ಹುಲ್ಲನ್ನೋ ತಿರುಚುವುದು ನುಲಿಯುವುದು. ‘ಹೊಟ್ಟೆ ನುಲಿಯುತ್ತದೆ’ ಎಂಬಲ್ಲಿಯೂ ಇದೇ ಭಾವ. ಅಂಗೈಗಳ ನಡುವೆ ಉಜ್ಜಿ ಒಂದುಗೂಡಿಸುವುದು ಹೊಸೆಯುವುದು. ಬತ್ತಿಯನ್ನು ಹೊಸೆಯುತ್ತೇವೆಯೇ ಹೊರತು ಹೆಣೆಯುವುದಿಲ್ಲ. ಹೀಗೆ ತಿರುಚಿದ ಎಳೆಗಳಿಗೆ ಬರುವ ಬಿಗಿಯೇ ಹುರಿ. ಇದು ಹಳಗನ್ನಡದ ‘ಪುರಿ’. ಕಾಳು ಹುರಿಯುವ ‘ಹುರಿ’ ಬೇರೆ. ಒಂಟಿ ಪುಂಡಿನಾರು ಬೆರಳಲ್ಲಿ ಹರಿಯುತ್ತದೆ, ಹುರಿಗೊಂಡ ನಾರು ಎತ್ತನ್ನು ತಡೆದು ನಿಲ್ಲಿಸುತ್ತದೆ. ‘ಹುರಿಗೊಳಿಸು’, ‘ಹುರಿದುಂಬಿಸು’ ಎಂಬ ಮಾತುಗಳ ಬಲವನ್ನು ಇಲ್ಲಿಯೇ ಕಾಣಬೇಕು.

ಇನ್ನು ಹೆಣೆ ಮತ್ತು ನೇಯ್. ಹೆಣೆಯ ಹಳೆಯ ರೂಪ ‘ಪೆಣೆ’. ತಮಿಳಿನ ‘ಪಿಣೈ’ ಇದರ ದಾಯಾದಿ. ಹೆಣೆಯಲು ಮಗ್ಗ ಬೇಡ, ಕೈಯೇ ಸಾಕು. ಜಡೆಯನ್ನು ಹೆಣೆಯುತ್ತೇವೆ, ಬುಟ್ಟಿಯನ್ನು ಹೆಣೆಯುತ್ತೇವೆ. ಜಡೆಯ ಮೂರು ಕಾಲುಗಳಲ್ಲಿ ಪ್ರತಿಯೊಂದೂ ಸರದಿಯಂತೆ ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ. ನೇಯ್ಗೆಯ ಕ್ರಮ ಹಾಗಲ್ಲ. ಅಲ್ಲಿ ಹಾಸಿನ ಎಳೆಗಳು ಬಿಗಿದು ನಿಂತಿರಬೇಕು. ಲಾಳಿಯು ಹೊಕ್ಕಿನ ಎಳೆಯನ್ನು ಅವುಗಳ ನಡುವೆ ಒಯ್ಯಬೇಕು. ನಿಂತುದೂ ನಡೆದುದೂ ಕೂಡಿದಾಗಲೇ ಬಟ್ಟೆ. ಆದುದರಿಂದ ‘ಹಾಸುಹೊಕ್ಕಾಗಿದೆ’ ಎಂದರೆ ಕೇವಲ ಬೆರೆತಿದೆ ಎಂದಲ್ಲ. ಒಂದನ್ನು ಕಿತ್ತರೆ ಇನ್ನೊಂದು ಉಳಿಯದು ಎಂದರ್ಥ. ಶರಣರಲ್ಲಿ ಅರಿವೂ ಆಚಾರವೂ ಹಾಸುಹೊಕ್ಕಾಗಿದ್ದುವು ಎನ್ನುವಾಗ ಈ ಪೂರ್ಣಾರ್ಥ ನಮ್ಮ ಮನಸ್ಸಿನಲ್ಲಿರಬೇಕು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಗಡಿಸೀಮೆಯಲ್ಲಿ ಈ ಭೇದವನ್ನು ಕಾಯ್ದುಕೊಳ್ಳಲು ವಿಶೇಷ ಎಚ್ಚರ ಬೇಕು. ಮರಾಠಿಯ ‘ವಿಣಣೆ’ ಎಂಬ ಒಂದೇ ಕ್ರಿಯಾಪದ ಬಟ್ಟೆಗೂ ಬುಟ್ಟಿಗೂ ಸಲ್ಲುತ್ತದೆ. ಎರಡು ಭಾಷೆಗಳನ್ನೂ ಆಡುವ ಮಕ್ಕಳು ‘ಬುಟ್ಟಿ ನೇಯುವುದು’ ಎಂದುಬಿಡುವುದು ಸಹಜ. ಆದರೆ ಕಸುಬಿನವರ ಕೈ ಇಂದಿಗೂ ಭೇದವನ್ನು ಬಲ್ಲದು. ಅಥಣಿ, ನಿಪ್ಪಾಣಿಗಳ ಕಡೆ ಚರ್ಮಕಾಯಕದವರು ಮಾಡುವ ಕೊಲ್ಹಾಪುರಿ ಚಪ್ಪಲಿಯಲ್ಲಿ ಚರ್ಮದ ಎಳೆಗಳ ಪಟ್ಟಿಯನ್ನು ಜಡೆಯಂತೆ ಹೆಣೆಯುತ್ತಾರೆ, ಅಟ್ಟೆಯನ್ನು ಚರ್ಮದ ದಾರದಿಂದಲೇ ಹೊಲಿಯುತ್ತಾರೆ. ಈ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳಿವೆ. ನಿಪ್ಪಾಣಿಯ ಹೆಣ್ಣುಮಕ್ಕಳು ತಂಬಾಕನ್ನು ಎಲೆಯಲ್ಲಿ ಸುತ್ತಿ ನೂಲಿನಿಂದ ಬಿಗಿಯುತ್ತಾರೆ. ಆ ಕೆಲಸಕ್ಕೆ ‘ಬೀಡಿ ಕಟ್ಟುವುದು’ ಎಂದೇ ಹೆಸರು. ಹೆಣೆ, ಹೊಲಿ, ಸುತ್ತು, ಕಟ್ಟು: ನಾಲ್ಕು ಕ್ರಿಯೆ, ನಾಲ್ಕು ಮಾತು. ಕಸುಬು ಕೈಬಿಟ್ಟುಹೋದಲ್ಲಿ ಅದರ ಮಾತೂ ಬಾಯಿಬಿಟ್ಟುಹೋಗುತ್ತದೆ. ಆ ಮಾತು ಹೋದ ಮೇಲೆ ಆ ಕಸುಬಿನ ಶರಣರ ನುಡಿ ನಮಗೆ ಅರ್ಧ ಮಾತ್ರ ಕೇಳಿಸುತ್ತದೆ.

ಕೂಡಿಸುವ ಕ್ರಿಯೆ ಕೆಟ್ಟಾಗ ಹುಟ್ಟುವವು ತೊಡಕು ಮತ್ತು ಸಿಕ್ಕು. ಗಂಟನ್ನು ಯಾರೋ ಉದ್ದೇಶಪಟ್ಟು ಹಾಕುತ್ತಾರೆ. ಸಿಕ್ಕನ್ನು ಯಾರೂ ಹಾಕುವುದಿಲ್ಲ, ಅದು ತಾನಾಗಿ ಆಗುತ್ತದೆ. ಗಂಟನ್ನು ಬಿಚ್ಚಬೇಕು, ಸಿಕ್ಕನ್ನು ಬಿಡಿಸಬೇಕು. ‘ಸಿಕ್ಕು’ ಎಂಬುದಕ್ಕೆ ದೊರಕು ಎಂಬ ಅರ್ಥವೂ ಉಂಟೆಂಬುದು ಚಿಂತನೀಯ. ನಮಗೆ ಸಿಕ್ಕುದರಲ್ಲಿಯೇ ನಾವು ಸಿಕ್ಕಿಕೊಳ್ಳುತ್ತೇವೆ. ಅಕ್ಕಮಹಾದೇವಿಯವರು ಸ್ನೇಹದಿಂದ ಮನೆ ಮಾಡಿ ತನ್ನ ನೂಲಿನಲ್ಲಿಯೇ ಸಾಯುವ ರೇಷ್ಮೆಯ ಹುಳುವನ್ನು ದೃಷ್ಟಾಂತವಾಗಿ ಕೊಡುವಾಗ ಬಳಸುವ ಕ್ರಿಯೆ ‘ಸುತ್ತು’; ‘ನೇಯ್’ ಅಲ್ಲ. ಹುಳುವಿಗೆ ಎಳೆಯುಂಟು, ಹಾಸು ಇಲ್ಲ. ಅದು ಸುತ್ತಿದುದು ಬಟ್ಟೆಯಾಗದೆ ಬಂಧನವಾಯಿತು. ಒಂದು ಕ್ರಿಯಾಪದವನ್ನು ಬದಲಿಸಿ ಓದಿದರೆ ಆ ವಚನದ ತಿರುಳೇ ತಪ್ಪಿಹೋಗುತ್ತದೆ.

ಗ್ರಂಥಗಳ ವಿಷಯದಲ್ಲಿಯೂ ಈ ವಿವೇಕ ಉಪಯುಕ್ತ. ಫ. ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ‘ವಚನಶಾಸ್ತ್ರಸಾರ’ದಂತಹ ಸಂಕಲನದಲ್ಲಿ ವಚನಗಳನ್ನು ವಿಷಯವೆಂಬ ದಾರದಲ್ಲಿ ಕೋದಿದೆ, ಒಂದು ಮಣಿಯನ್ನು ತೆಗೆದರೂ ಮಣಿ ಮಣಿಯಾಗಿಯೇ ಉಳಿಯುತ್ತದೆ. ‘ಶೂನ್ಯಸಂಪಾದನೆ’ಯಾದರೋ ನೇಯ್ದ ಕೃತಿ. ಅಲ್ಲಿ ವಚನಗಳು ಹಾಸಾಗಿ ನಿಂತಿವೆ, ಸಂಪಾದನಕಾರನ ಗದ್ಯ ಹೊಕ್ಕಾಗಿ ನಡೆದಿದೆ. ಅಲ್ಲಿಂದ ಒಂದು ವಚನವನ್ನು ಎತ್ತಿಕೊಳ್ಳುವವನು ಅದು ಯಾರ ಪ್ರಶ್ನೆಗೆ ಉತ್ತರವಾಗಿ ಬಂದಿದೆಯೆಂಬುದನ್ನೂ ನೋಡಬೇಕು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ವಚನದ ಅರ್ಥವನ್ನು ‘ಬಿಡಿಸಿ’ ಹೇಳಿರೆಂದು ಕೇಳುವುದು ರೂಢಿ. ಆದರೆ ಬೆಡಗಿನ ವಚನ ಸಿಕ್ಕಲ್ಲ, ಶರಣರು ತಿಳಿದೇ ಹಾಕಿದ ಗಂಟು. ಸಿಕ್ಕೆಂದು ಬಗೆದು ಜಗ್ಗಿದರೆ ಅದು ಮತ್ತಷ್ಟು ಬಿಗಿಯುತ್ತದೆ. ಹಾಕಿದ ಬಗೆಯನ್ನರಿತು, ತುದಿಯನ್ನು ಹುಡುಕಿ, ಮೆಲ್ಲನೆ ಬಿಚ್ಚತಕ್ಕದ್ದು.